ಅಪ್ಪಾಜಿ ಮಜ್ಜಿಗೆ ಹೇಳಿದ ದಿನ

ಕೇಳಿಕೊಂಡು ಬಂದವರಿಗೆ "ಇಲ್ಲ" ಎನ್ನುವ ಪದ್ಧತಿ ನಮ್ಮ ಮನೆಯಲ್ಲಿ ಇರಲಿಲ್ಲ. ಮೂವತ್ತನಾಲ್ಕು ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿ, ತಂದೆತಾಯಿಗಳ ಮುಖಕ್ಕೇ "ಈ ವರ್ಷ ನಿಮ್ಮ ಹುಡುಗ ಪಾಸಾಗೂದಿಲ್ರಿ" ಎಂದು ಹೇಳಿ ಊರಲ್ಲೆಲ್ಲ ಒರಟು ಟೀಚರ್ ಎಂದು ಹೆಸರು ಮಾಡಿದ ನಾನು ಬೆಳೆದದ್ದು ಅಂಥ ಮನೆಯಲ್ಲಿ. ಇದನ್ನು ಹೇಳಿದರೆ ಯಾರೂ ನಂಬುವುದಿಲ್ಲ. ನಂಬಿಸುವ ಹುರುಪು ನನಗೂ ಉಳಿದಿಲ್ಲ. ಗೋಪನಕೊಪ್ಪದ ಈ ಎರಡು ಕೋಣೆಯ ಮನೆಯಲ್ಲಿ ಬೆಳಿಗ್ಗೆ ಎದ್ದು, ಮೊಣಕಾಲಿಗೆ ಎಣ್ಣೆ ತಿಕ್ಕಿಕೊಂಡು, ಒಂದು ರೊಟ್ಟಿ ತಿಂದು ಕುಳಿತರೆ ದಿನ ತಾನಾಗಿ ಮುಗಿಯುತ್ತದೆ. ಹಳೆಯದನ್ನು ಕೆದಕುವ ಅಗತ್ಯ ಇರಲಿಲ್ಲ. ಆದರೆ ಹೋದ ತಿಂಗಳು ಗಬ್ಬೂರಿನ ಕಡೆ ಒಂದು ಮನೆಗೆ ಹೋಗಿಬಂದೆ. ಆಮೇಲೆ ಬರೆಯದೆ ಸುಮ್ಮನಿರುವುದೇ ಹೆಚ್ಚು ಆಯಾಸ ಅನ್ನಿಸತೊಡಗಿದೆ.

ನಮ್ಮ ಮನೆ ಹುಬ್ಬಳ್ಳಿ ಸ್ಟೇಷನ್ನಿನಿಂದ ನಡೆದುಹೋಗುವಷ್ಟು ದೂರದಲ್ಲಿತ್ತು. ಮನೆಯ ಹಿತ್ತಲ ಬಾಗಿಲು ತೆರೆದರೆ ನಮ್ಮದೇ ಹತ್ತಿ ಜಿನ್ನಿಂಗ್ ಫ್ಯಾಕ್ಟರಿಯ ಕಂಪೌಂಡು. ಎಲ್ಲರೂ ಅದನ್ನು ಜಿನ್ನು ಎನ್ನುತ್ತಿದ್ದರು. ಜಿನ್ನಿನ ಪಕ್ಕದಲ್ಲಿ ಹತ್ತಿ ಹರಡುವ ದೊಡ್ಡ ಅಂಗಳ, ಅದರ ಅಂಚಿಗೆ ರೈಲ್ವೆಯ ಸೈಡಿಂಗ್, ಅಂದರೆ ದೊಡ್ಡ ಹಳಿಯಿಂದ ಕವಲೊಡೆದು ನಮ್ಮ ಗೋದಾಮಿನ ತನಕ ಬಂದ ಒಂದು ಹಳಿ. ಆ ಹಳಿಯನ್ನು ಅಲ್ಲಿಗೆ ತಂದವರು ನಮ್ಮ ಅಜ್ಜ. ರೈಲ್ವೆ ಸಾಹೇಬರ ಬಂಗಲೆಯ ಕಟ್ಟೆಯ ಮೇಲೆ ಒಂದು ಬೇಸಿಗೆಯಿಡೀ ಕೂತು ಆ ಹಳಿಯನ್ನು ತಂದರು ಎಂದು ಮನೆಯಲ್ಲಿ ಹೇಳುತ್ತಿದ್ದರು. ಸಾಹೇಬರು ಬೇಸತ್ತು ಕೊಟ್ಟರೋ, ಮೆಚ್ಚಿ ಕೊಟ್ಟರೋ ಗೊತ್ತಿಲ್ಲ. ಹಳಿ ಬಂದ ಮೇಲೆ ಉಳಿದ ಜಿನ್ನುಗಳವರು ಎತ್ತಿನ ಬಂಡಿಯಲ್ಲಿ ಹತ್ತಿ ಸಾಗಿಸುತ್ತಿದ್ದಾಗ ನಮ್ಮ ಹತ್ತಿಯ ಅಂಡಿಗೆಗಳು ನಮ್ಮ ಹಿತ್ತಲಿನಿಂದಲೇ ಮುಂಬಯಿಗೆ ಹೋದವು. ಅಲ್ಲಿಂದ ಮುಂದೆ ಅಜ್ಜ ಮುನ್ಸಿಪಾಲ್ಟಿ ಅಧ್ಯಕ್ಷರಾದದ್ದು, ಮಗನನ್ನು ವಿಧಾನಸಭೆಗೆ ಕಳಿಸಿದ್ದು ಎಲ್ಲವೂ ಅದೇ ಹಳಿಯ ಮೇಲೆ ನಡೆಯಿತು.

ಮನೆಯ ದಿನಚರಿ ಗಡಿಯಾರ ನೋಡಿ ನಡೆಯುತ್ತಿರಲಿಲ್ಲ. ಖಾಲಿ ರೈಲು ಡಬ್ಬಿಗಳು ಸೈಡಿಂಗಿಗೆ ಬಂದು ನಿಂತ ಸದ್ದು ಕೇಳಿದರೆ ಗಂಡಸರು ಅರ್ಧ ಊಟಕ್ಕೇ ಏಳುತ್ತಿದ್ದರು. ನಮ್ಮ ಆಯಿ, ಅಂದರೆ ಅಜ್ಜನ ಹೆಂಡತಿ, ಅವರ ತಾಟಿನ ಮೇಲೆ ಇನ್ನೊಂದು ತಾಟು ಮುಚ್ಚಿ ಕೂತುಬಿಡುತ್ತಿದ್ದಳು. ಹತ್ತಿಯ ಸುಗ್ಗಿಯಲ್ಲಿ ಮನೆಯೊಳಗೆಲ್ಲ ಅರಳೆಯ ಎಳೆಗಳು ಹಾರಾಡುತ್ತಿದ್ದವು. ಶೇಂಗಾ ಚಟ್ನಿಯಲ್ಲಿ ಎಳೆ, ತಲೆಗೂದಲಲ್ಲಿ ಎಳೆ, ಬದನೆಕಾಯಿ ಪಲ್ಯದಲ್ಲೂ ಎಳೆ. ದೀಪಕ್ಕೆ ಬಿದ್ದರೆ ಭಗ್ಗೆಂದು ಹೊತ್ತಿಕೊಳ್ಳುತ್ತದೆಂದು ಆ ನಾಲ್ಕು ತಿಂಗಳು ದೇವರ ಮುಂದಿನ ನಂದಾದೀಪಕ್ಕೆ ಕಂದೀಲಿನ ಗಾಜು ಮುಚ್ಚುತ್ತಿದ್ದರು. ಅಪ್ಪಾಜಿ ಆ ಗಾಜಿನ ದೀಪದ ಮುಂದೆ ಅಂಗೈಯಲ್ಲಿ ಲಿಂಗ ಹಿಡಿದು ಕೂತರೆ ಹೊರಗಿನ ಯಾವ ಸದ್ದಿಗೂ ಕಣ್ಣು ತೆರೆಯುತ್ತಿರಲಿಲ್ಲ. ಅವರಷ್ಟು ಶಾಂತ ಮುಖದ ಮನುಷ್ಯನನ್ನು ನಾನು ಇವತ್ತಿಗೂ ನೋಡಿಲ್ಲ. ಹಣೆಯ ಮೇಲೆ ಮೂರು ಬೆರಳು ವಿಭೂತಿ ಎಳೆದುಕೊಂಡು ಹೊರಗೆ ಬಂದರೆಂದರೆ ಪಡಸಾಲೆಯಲ್ಲಿ ಆಗಲೇ ಹದಿನೈದು ಮಂದಿ ಕಾಯುತ್ತಿರುತ್ತಿದ್ದರು.

ಅಜ್ಜನಿಗೆ ಇಬ್ಬರು ಗಂಡುಮಕ್ಕಳು. ಒಬ್ಬನಿಗೆ ಊರು, ಅಂದರೆ ರಾಜಕಾರಣ, ಇನ್ನೊಬ್ಬನಿಗೆ ಜಿನ್ನು ಎಂದು ಊಟದ ಪಂಕ್ತಿಯಲ್ಲೇ ಹಂಚಿದ್ದರಂತೆ. ತಮ್ಮ ಬಲಕ್ಕೆ ಕೂರಿಸಿದ ಅಪ್ಪಾಜಿಗೆ ಊರು ಬಂತು, ಎಡಕ್ಕೆ ಕೂರಿಸಿದ ಶಿವಪ್ಪ ಕಾಕಾನಿಗೆ ಜಿನ್ನು ಬಂತು. ಅಜ್ಜ ಹೋದ ಮೇಲೂ ಅಣ್ಣತಮ್ಮಂದಿರು ಅದೇ ಜಾಗದಲ್ಲಿ ಕೂರುತ್ತಿದ್ದರು. ನಡುವೆ ಅಜ್ಜನ ಮಣೆ ಖಾಲಿ. ಇಬ್ಬರೂ ಜಗಳಾಡುವಾಗ ಆ ಮಣೆಯನ್ನು ನೋಡಿಕೊಂಡು ಜಗಳಾಡುತ್ತಿದ್ದರು. ನನ್ನ ತಮ್ಮ ಆಗ ತೊಟ್ಟಿಲಲ್ಲಿದ್ದ, ಅವನಿಗೆ ಊರು ಬರುತ್ತದೋ ಜಿನ್ನು ಬರುತ್ತದೋ ಎಂದು ಬಂಧುಗಳು ಚರ್ಚೆ ಮಾಡುತ್ತಿದ್ದರು. ನಾನು ಹೆಣ್ಣು, ನನಗೆ ಬಂದದ್ದು ತಟ್ಟೆ ಹಿಡಿಯುವ ಕೆಲಸ.

ಆ ತಟ್ಟೆಯ ಸಂಗತಿಯನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ಪಡಸಾಲೆಯಲ್ಲಿ ಕೂತ ಮನುಷ್ಯ ನಮ್ಮ ಬಾಯಿಂದ ಇಲ್ಲ ಎಂಬ ಮಾತು ಕೇಳಿ ಎದ್ದು ಹೋಗಬಾರದು ಎಂಬುದು ಅಜ್ಜ ಹಾಕಿಕೊಟ್ಟ ನಿಯಮ. ಬಂದವರ ಮಾತನ್ನು ಪೂರಾ ಕೇಳಿ, ಕೊನೆಗೆ ಅಜ್ಜ "ನೋಡೂಣು" ಎನ್ನುತ್ತಿದ್ದರು. ಕೆಲಸ ಮಾಡಿಕೊಡುವುದಿದ್ದರೆ ಒಳಗಿನಿಂದ ಚಹಾ ತರಿಸುತ್ತಿದ್ದರು. ಆಗದ ಕೆಲಸವಾದರೆ ಮಜ್ಜಿಗೆ. ಚಹಾ ಕುದಿಯಲು ಹೊತ್ತು ಹಿಡಿಯುತ್ತದೆ, ಅಷ್ಟರಲ್ಲಿ ಗುಮಾಸ್ತರನ್ನು ಕರೆದು ಚೀಟಿ ಬರೆಸಬಹುದು. ಮಜ್ಜಿಗೆ ಸದಾ ತಯಾರು, ನಿಂತೇ ಕುಡಿದು ಹೋಗಬಹುದು. ಇದು ಗಂಡಸರ ಲೆಕ್ಕ. ಆಯಿಯ ಲೆಕ್ಕ ಬೇರೆ. ಆಸೆ ಇಟ್ಟುಕೊಂಡು ಬಂದು ಬರಿಗೈಲಿ ಬಿಸಿಲಿಗೆ ಇಳಿಯುವವರ ಹೊಟ್ಟೆ ತಣ್ಣಗಿರಲಿ ಎಂದು ಅವಳು ಮಜ್ಜಿಗೆಗೆ ಹಸಿಶುಂಠಿ ಜಜ್ಜಿ, ಕೊತ್ತಂಬರಿ ಹಾಕಿ, ಇಂಗಿನ ಒಗ್ಗರಣೆ ಕೊಡುತ್ತಿದ್ದಳು. ಹಾಗಾಗಿ ನಮ್ಮ ಮನೆಯಲ್ಲಿ ಕೆಲಸ ಆದವರಿಗೆ ನೀರುನೀರಾದ ಚಹಾ, ಆಗದವರಿಗೆ ಅಮೃತದಂಥ ಮಜ್ಜಿಗೆ ಸಿಗುತ್ತಿತ್ತು. ಎಂಟನೆಯ ವಯಸ್ಸಿಗೆ ನಾನು ತಟ್ಟೆ ಹಿಡಿದು ಬಾಗಿಲಲ್ಲಿ ನಿಂತೆ. ಅಪ್ಪಾಜಿ ನನ್ನ ಕಡೆ ತಿರುಗಿ ಮೆಲ್ಲಗೆ ಎರಡರಲ್ಲಿ ಒಂದು ಹೆಸರು ಹೇಳುತ್ತಿದ್ದರು. ವಿಧವೆಯ ಪಿಂಚಣಿ, ಮಗನ ನೌಕರಿ, ಓಣಿಯ ನಲ್ಲಿ, ಯಾರದು ಆಗುತ್ತದೆ ಯಾರದು ಆಗುವುದಿಲ್ಲ ಎಂಬುದು ಅವರಿಗಿಂತ ಮೊದಲು ನನಗೆ ಗೊತ್ತಾಗುತ್ತಿತ್ತು. ಮಜ್ಜಿಗೆ ಕೈಗಿಡುವಾಗ ನಾನು ಅವರ ಮುಖ ನೋಡುತ್ತಿರಲಿಲ್ಲ, ಕಾಲು ನೋಡುತ್ತಿದ್ದೆ. ಆ ವಯಸ್ಸಿಗೇ ಒಂಥರಾ ದಣಿವು ನನ್ನ ಮೈಗೆ ಹತ್ತಿತು, ಇನ್ನೂ ಬಿಟ್ಟಿಲ್ಲ.

ಈ ಗುಟ್ಟು ಹೊರಗಿನವರಿಗೆ ಗೊತ್ತಿಲ್ಲ ಎಂದು ಮನೆಯವರು ತಿಳಿದಿದ್ದರು. ಅಷ್ಟು ವರ್ಷ ನಡೆದದ್ದು ಗೊತ್ತಾಗದೆ ಇರುತ್ತದೆಯೇ? ನಮ್ಮ ಮನೆಯ ಮಜ್ಜಿಗೆ ಕುಡಿದು ಬಂದೆ ಎಂದರೆ ಪೇಟೆಯಲ್ಲಿ ಮಂದಿ ಪಾಪ ಎನ್ನುತ್ತಿದ್ದರು. ಚಹಾ ಕೊಟ್ಟರೆ ಮಾತ್ರ ಅದು ಕೊಟ್ಟ ಮಾತು. ಒಮ್ಮೆ ಅಡುಗೆಮನೆಯ ಗಡಿಬಿಡಿಯಲ್ಲಿ ಮಜ್ಜಿಗೆಯವನಿಗೆ ಚಹಾ ಹೋಗಿತ್ತಂತೆ. ಅಜ್ಜ ಚಕಾರ ಎತ್ತದೆ ಅವನ ಕೆಲಸ ಮಾಡಿಕೊಟ್ಟರು ಎಂಬ ಕತೆಯನ್ನು ಆಯಿ ನಮಗೆ ನೂರು ಸಲ ಹೇಳಿದ್ದಳು. ಕತೆಯ ಕೊನೆಗೆ ಪ್ರತಿಸಲ ಒಂದೇ ಮಾತು.

"ಚಾದ ಕಪ್ಪು ಕೈಗೆ ಕೊಟ್ಟಮ್ಯಾಲ ಆತು. ನಮ್ಮ ಮನ್ಯಾಗ ಕೊಟ್ಟ ಚಾ ಕಸಗೊಳ್ಳೂದಿಲ್ಲ."

ಸೈಡಿಂಗಿನ ಆಚೆ ಬದಿಗೆ ಜಿನ್ನಿನಲ್ಲಿ ದುಡಿಯುವವರ ಒಂದು ಓಣಿ ಇತ್ತು. ಇಪ್ಪತ್ತಾರು ಮನೆ, ಒಂದು ನಲ್ಲಿ, ಒಂದು ಬೇವಿನ ಮರ. ಜಾಗ ನಮ್ಮದು, ಮಣ್ಣಿನ ಗೋಡೆ ಅವರದು. ಅಜ್ಜನ ಕಾಲದಲ್ಲಿ ಬಾಯಿಮಾತಿನಲ್ಲಿ ಇರಿಸಿದ್ದವರು. ಅಲ್ಲಿದ್ದ ಮಕ್ತುಂಸಾಬ ಮಿಸ್ತ್ರಿ ನಮ್ಮ ಜಿನ್ನಿನ ಮಷಿನು ರಿಪೇರಿ ಮಾಡುವವರು. ಚಿಕ್ಕ ಹುಡುಗನಾಗಿದ್ದಾಗಿನಿಂದ ಮಷಿನಿನ ಗದ್ದಲದಲ್ಲೇ ಇದ್ದು ಅವರ ಕಿವಿ ಮಂದವಾಗಿತ್ತು. ಅವರ ಜೊತೆ ಎಲ್ಲರೂ ಕೂಗಿ ಮಾತಾಡುತ್ತಿದ್ದರು, ಅವರು ಮಾತ್ರ ಮೆಲ್ಲಗೆ ಮಾತಾಡುತ್ತಿದ್ದರು. ಅವರ ಮಗಳು ಮೈಮುನ ನನ್ನ ಓರಿಗೆಯವಳು, ಒಂದೇ ಸಾಲಿಯ ಒಂದೇ ಬೆಂಚಿನವಳು. ಸಾಲಿ ಬಿಟ್ಟ ಮೇಲೆ ನಾವಿಬ್ಬರೂ ಖಾಲಿ ಡಬ್ಬಿಯೊಳಗೆ ಹತ್ತಿ ಕೂತು ಲೆಕ್ಕ ಬಿಡಿಸುತ್ತಿದ್ದೆವು. ಗಣಿತದಲ್ಲಿ ಅವಳು ನನಗಿಂತ ಚುರುಕು. ನಾನು ಬೆರಳು ಮಡಚುವಷ್ಟರಲ್ಲಿ ಅವಳ ಉತ್ತರ ಬಂದಿರುತ್ತಿತ್ತು. ನಾನು ಗಣಿತದ ಟೀಚರ್ ಆದೆ, ಅವಳು ಏಳನೆಯ ಇಯತ್ತೆಗೇ ಸಾಲಿ ಬಿಟ್ಟಳು. ಬಿಟ್ಟದ್ದು ಯಾಕೆ ಎಂಬುದೇ ಈ ಅಧ್ಯಾಯ.

ರೈಲ್ವೆಯವರಿಗೆ ಯಾರ್ಡು ದೊಡ್ಡದು ಮಾಡಬೇಕಾಗಿ ಬಂತು. ನಮ್ಮ ಜಾಗದಲ್ಲಿ ಒಂದು ಪಟ್ಟಿ ಬೇಕು, ಹತ್ತಿ ಅಂಗಳದ ಕಡೆಯಿಂದಾದರೂ ಸರಿ, ಓಣಿಯ ಕಡೆಯಿಂದಾದರೂ ಸರಿ ಎಂದು ಕೇಳಿಕಳಿಸಿದರು. ಊಟದ ಪಂಕ್ತಿಯಲ್ಲಿ ವಾರಗಟ್ಟಲೆ ಅದೇ ಜಗಳ. ಕಾಕಾನಿಗೆ ಅಂಗಳದಲ್ಲಿ ಹತ್ತಿಯನ್ನು ಒತ್ತಿ ಅಂಡಿಗೆ ಕಟ್ಟುವ ಹೊಸ ಪ್ರೆಸ್ಸು ಕೂರಿಸುವ ಆಸೆ. ಅಂಗಳ ಹೋದರೆ ಜಿನ್ನು ಮುಚ್ಚಿದಂತೆಯೇ ಎಂದು ಅವರು ಅಜ್ಜನ ಮಣೆಗೆ ಹೇಳಿದರು. ಓಣಿಯಲ್ಲಿ ಇಪ್ಪತ್ತಾರು ಮನೆಯ ವೋಟಿವೆ, ಬಿಡಿಸಿದರೆ ಊರು ಬೈಯುತ್ತದೆ ಎಂದು ಅಪ್ಪಾಜಿ ಅದೇ ಮಣೆಗೆ ಹೇಳಿದರು. ನಮ್ಮವ್ವ ಬಿಸಿ ರೊಟ್ಟಿ ಹಿಡಿದು ನಿಂತಿದ್ದಳು, ಯಾರ ತಾಟಿಗೆ ಮೊದಲು ಹಾಕಬೇಕೋ ತಿಳಿಯದೆ ರೊಟ್ಟಿ ಕೈಯಲ್ಲೇ ಆರಿಹೋಗುತ್ತಿತ್ತು. ಒಂದು ದಿನ ಜಗಳ ನಿಂತಿತು. ಅಪ್ಪಾಜಿ ಸೋತರೋ ಒಪ್ಪಿದರೋ ನನಗೆ ತಿಳಿಯಲಿಲ್ಲ. ಕಾಕಾ ಅವತ್ತು ಎರಡು ರೊಟ್ಟಿ ಹೆಚ್ಚು ತಿಂದರು. ಅದೇ ವಾರ ಓಣಿಯ ಬೇವಿನ ಮರಕ್ಕೆ ನೋಟಿಸು ಹಚ್ಚಿದರು. ತಕರಾರು ಇದ್ದವರು ಹದಿನೈದು ದಿನದೊಳಗೆ ಬರೆದು ಕೊಡಬೇಕು ಎಂದಿತ್ತು. ಮೈಮುನ ಅದನ್ನು ಓದಿ ಓಣಿಯವರಿಗೆಲ್ಲ ಹೇಳಿದಳು. ಮರುದಿನ ಸಾಲಿಯಲ್ಲಿ ನನ್ನ ಕಡೆ ಬೆನ್ನು ಮಾಡಿ ಕೂತಳು. ಮೂರು ದಿನ ಹಾಗೇ ಕೂತಳು. ಜೀವನದಲ್ಲಿ ನನಗೆ ಆಮೇಲೆ ಬೇಕಾದಷ್ಟು ದುಃಖ ಬಂದಿದೆ, ಆ ಬೆನ್ನು ನೋಡಿ ಆದಷ್ಟು ಸಂಕಟ ಮತ್ತೆ ಆಗಲಿಲ್ಲ.

ನಾಲ್ಕನೆಯ ದಿನ ರವಿವಾರ. ಮಿಸ್ತ್ರಿ ಒಗೆದ ಅಂಗಿ ಹಾಕಿಕೊಂಡು ನಮ್ಮ ಪಡಸಾಲೆಗೆ ಬಂದರು. ಹಿಂದೆ ಬಾಗಿಲಾಚೆ ಮೈಮುನ ನಿಂತಿದ್ದಳು. ಅಪ್ಪಾಜಿ ಅವರನ್ನು ಬೆಂಚಿನ ಮೇಲೆ ಕೂರಿಸಿದರು. ನಮ್ಮ ಮನೆಯಲ್ಲಿ ಎಲ್ಲರನ್ನೂ ಬೆಂಚಿನ ಮೇಲೇ ಕೂರಿಸುತ್ತಿದ್ದರು, ಅದನ್ನು ಭಾಷಣದಲ್ಲೂ ಹೇಳುತ್ತಿದ್ದರು. ಸಾಬರಿಗೆ ಕೊಡುವ ಕಪ್ಪುಬಸಿ ಮಾತ್ರ ಹಿತ್ತಲ ಬಾಗಿಲಿನ ಗೂಡಿನಲ್ಲಿ ಬೇರೆ ಇರುತ್ತಿದ್ದವು, ಅದು ಭಾಷಣದಲ್ಲಿ ಬರುತ್ತಿರಲಿಲ್ಲ. ಮಿಸ್ತ್ರಿ ಹೇಳಬೇಕಾದದ್ದನ್ನು ದಾರಿಯಲ್ಲಿ ಬಾಯಿಪಾಠ ಮಾಡಿಕೊಂಡು ಬಂದವರ ಹಾಗೆ ಹೇಳಿದರು.

"ಸಾವಕಾರ್ರ, ಅಂಗಳದ ಕಡೆ ಕೊಡ್ರಿ ಅಂತ ನಾ ಹೇಳಾವಲ್ರಿ, ಅದು ನಿಮ್ಮ ಮಾತು. ಓಣಿ ಉಳಸ್ತೀರಿ ಅಂದ್ರ ನಾವು ಸುಮ್ನ ಇರ್ತೇವ್ರಿ. ಆಗೂದಿಲ್ಲ ಅಂದ್ರ ಅಷ್ಟರ ಹೇಳ್ರಿ. ನಾಳೆ ಎಲ್ಲಾರೂ ಹೋಗಿ ತಕರಾರು ಅರ್ಜಿ ಕೊಟ್ಟ ಬರ್ತೇವಿ. ವಕೀಲ್ರು ಒಬ್ರು ಬರಕೊಡ್ತೇನಿ ಅಂದಾರ್ರಿ."

ಅಪ್ಪಾಜಿ ತಲೆದೂಗಿದರು. ಜೋರಾಗಿ "ನೋಡೂಣು ಮಿಸ್ತ್ರಿ" ಎಂದರು. ಆಮೇಲೆ ನನ್ನ ಕಡೆ ತಿರುಗಿ, ದಿನಾ ಹೇಳುವಷ್ಟೇ ಮೆಲ್ಲಗೆ ಹೇಳಿದರು.

"ನೀಲಾ, ಮಜ್ಜಿಗಿ ತಾ."

ಮಿಸ್ತ್ರಿಗೆ ಆ ಮಾತು ಕೇಳಿಸಲಿಲ್ಲ. ಬಾಗಿಲಾಚೆಯ ಮೈಮುನಳಿಗೂ ಕೇಳಿಸಿರಲಾರದು. ನಾನು ಒಳಗೆ ಹೋದೆ. ಆಯಿ ಮಜ್ಜಿಗೆಯ ಗಡಿಗೆಯ ಹತ್ತಿರ ಕೂತಿದ್ದಳು, ಏನು ಎಂದು ಹುಬ್ಬು ಹಾರಿಸಿದಳು. ನಾನು ಚಹಾ ಎಂದೆ. ಗಲಿಬಿಲಿಯಲ್ಲಿ ಅಂದದ್ದಲ್ಲ, ತಿಳಿದೇ ಅಂದೆ. ಕಪ್ಪು ಕೈಗೆ ಕೊಟ್ಟರೆ ಮುಗಿಯಿತು, ಅಪ್ಪಾಜಿ ಅಜ್ಜನ ಹಾಗೆ ಮಾಡಿಕೊಡಲೇಬೇಕಾಗುತ್ತದೆ ಎಂದು ನನ್ನ ಲೆಕ್ಕ. ಆಯಿಯ ಮುಖ ಅರಳಿತು, ಛಲೋ ಆತು ಎಂದು ತಾನೇ ಎದ್ದು ಸಕ್ಕರೆ ಹೆಚ್ಚೇ ಹಾಕಿ ಚಹಾ ಕುದಿಸಿದಳು. ಗೂಡಿನಿಂದ ಕಪ್ಪು ತೆಗೆದು ಸುರಿದುಕೊಂಡು ಹೋಗುವಾಗ ನನ್ನ ಕೈ ಎಷ್ಟು ನಡುಗುತ್ತಿತ್ತೆಂದರೆ ಅರ್ಧ ಚಹಾ ಬಸಿಗೆ ಚೆಲ್ಲಿತ್ತು. ಮಿಸ್ತ್ರಿ ಕಪ್ಪು ನೋಡಿದರು. ಅವರ ಮುಖದಲ್ಲಿ ಆದ ಬದಲಾವಣೆ ಈಗಲೂ ಕಣ್ಣ ಮುಂದಿದೆ, ಹೇಗೆ ಬರೆಯಬೇಕೋ ತಿಳಿಯುವುದಿಲ್ಲ. ಅಪ್ಪಾಜಿಯೂ ಕಪ್ಪು ನೋಡಿದರು. ಆಮೇಲೆ ನನ್ನನ್ನು ನೋಡಿದರು. ಆ ಶಾಂತ ಮುಖದಲ್ಲಿ ಸಿಟ್ಟೇನೂ ಕಾಣಲಿಲ್ಲ. ಮಿಸ್ತ್ರಿಯ ಕಡೆ ಬಾಗಿ, ಅವರಿಗೆ ಕೇಳಿಸುವಷ್ಟು ಜೋರಾಗಿ ಹೇಳಿದರು.

"ಕುಡೀರಿ ಮಿಸ್ತ್ರಿ, ಆರಿ ಹೋಗತೈತಿ."

ಮಿಸ್ತ್ರಿ ಬಸಿಗೆ ಚೆಲ್ಲಿದ್ದನ್ನೂ ಬಿಡದೆ ಕುಡಿದರು. ಬಾಗಿಲಾಚೆ ಮೈಮುನ ನನ್ನನ್ನು ನೋಡಿ ನಕ್ಕಳು. ಮರುದಿನ ಸಾಲಿಯಲ್ಲಿ ನನ್ನ ಕಡೆ ಮುಖ ಮಾಡಿ ಕೂತಳು. ಹದಿನೈದು ದಿನ ನಾನು ನೆಲದ ಮೇಲೆ ನಡೆಯಲಿಲ್ಲ. ಇಡೀ ಮನೆಯಲ್ಲಿ ಯಾರ ಕೈಲೂ ಆಗದ್ದನ್ನು ಮಾಡಿದೆ ಎಂದುಕೊಂಡೆ. ಓಣಿಯವರು ವಕೀಲರ ಹತ್ತಿರ ಹೋಗಲಿಲ್ಲ, ಅರ್ಜಿ ಕೊಡಲಿಲ್ಲ. ಸಾವಕಾರರ ಮನೆಯಲ್ಲಿ ಚಹಾ ಆಗಿದೆ, ಇನ್ನೇನು ಅರ್ಜಿ ಎಂದು ಒಬ್ಬರಿಗೊಬ್ಬರು ಹೇಳಿಕೊಂಡರು. ಒಬ್ಬಾತ ಮನೆಗೆ ಹೊಸದಾಗಿ ಸುಣ್ಣ ಸಹ ಹೊಡೆದ. ಮಳೆಗಾಲಕ್ಕೆ ಮುಂಚೆ ಒಂದು ಬೆಳಿಗ್ಗೆ, ನಾವು ಸಾಲಿಗೆ ಹೊರಡುವ ಹೊತ್ತಿಗೆ, ಪೊಲೀಸರನ್ನು ಕರೆದುಕೊಂಡು ಮಂದಿ ಬಂದರು. ಅವಧಿ ಮುಗಿದಿದೆ, ಒಂದೂ ತಕರಾರು ಬಂದಿಲ್ಲ ಎಂದು ಕಾಗದ ಓದಿದರು. ಸಂಜೆಯೊಳಗೆ ಬೇವಿನ ಮರವೊಂದೇ ಉಳಿಯಿತು. ಅವರನ್ನೆಲ್ಲ ಗಬ್ಬೂರಿನ ಆಚೆ ಬಯಲಿಗೆ ಲಾರಿಯಲ್ಲಿ ಕಳಿಸಿದರು. ಲಾರಿ ನಮ್ಮದು, ಕಳಿಸಿಕೊಟ್ಟದ್ದು ದೊಡ್ಡ ಉಪಕಾರವೆಂದು ಆಮೇಲೆ ಹೇಳಲಾಯಿತು. ಮೈಮುನ ಲಾರಿಯ ಮೇಲೆ ಹಾಸಿಗೆಯ ಸುರುಳಿಗೆ ಒರಗಿ ಕೂತಿದ್ದಳು. ನಾನು ಹಿತ್ತಲ ಬಾಗಿಲಲ್ಲಿ ನಿಂತಿದ್ದೆ. ಅವಳು ನೋಡಿದಳು. ಬೆನ್ನು ಮಾಡಿದ್ದರೂ ಒಳ್ಳೆಯದಿತ್ತು.

ಅವತ್ತು ರಾತ್ರಿಯ ಪಂಕ್ತಿಯಲ್ಲಿ ನಾನು ಜೀವನದಲ್ಲಿ ಮೊದಲ ಸಲ ಗಂಡಸರ ನಡುವೆ ಬಾಯಿ ಹಾಕಿದೆ. ಅಜ್ಜನ ಖಾಲಿ ಮಣೆಯ ಎದುರಿಗೆ ನಿಂತು, ಮಿಸ್ತ್ರಿಗೆ ಚಹಾ ಕೊಟ್ಟಿದ್ದೆವಲ್ಲ ಎಂದು ಅಳುತ್ತ ಕೇಳಿದೆ. ಅವ್ವ ಕೈಹಿಡಿದು ಎಳೆಯಲು ಬಂದಳು. ಅಪ್ಪಾಜಿ ಅವಳನ್ನು ತಡೆದರು. ನನ್ನ ತಲೆಯ ಮೇಲೆ ಕೈಯಿಟ್ಟು, ಪ್ರೀತಿಯಿಂದಲೇ ಹೇಳಿದರು, ಅದೇ ನನಗೆ ಇವತ್ತಿಗೂ ತಡೆಯಲಾಗದ್ದು.

"ನೀ ಚಾ ತಂದಿದ್ದ ಛಲೋ ಆತವಾ. ಮಜ್ಜಿಗಿ ತಂದಿದ್ರ ಮರುದಿನಾನ ಅರ್ಜಿ ಕೊಡತಿದ್ರು. ನಿನಗ ನನಗಿಂತ ಹೆಚ್ಚು ತಿಳೀತೈತಿ."

ಕಾಕಾ ನಕ್ಕರು. ಗಂಡು ಹುಟ್ಟಿದ್ದರೆ ಊರು ಇವಳಿಗೇ ಬರುತ್ತಿತ್ತು ಎಂದರು. ಬಾಗಿಲಲ್ಲಿ ಕೂತಿದ್ದ ಆಯಿ ಅವತ್ತು ಊಟ ಮಾಡಲಿಲ್ಲ. ಮರುದಿನ ಪಡಸಾಲೆಯಿಂದ ಮಜ್ಜಿಗೆ ಹೇಳಿಕಳಿಸಿದಾಗ ಮಜ್ಜಿಗೆ ಇಲ್ಲ ಎಂದಳು. ಅದರ ಮರುದಿನವೂ ಅದನ್ನೇ ಹೇಳಿದಳು. ಆ ಮನೆಯಲ್ಲಿ ಇಲ್ಲ ಎಂದು ಬಾಯಿಬಿಟ್ಟು ಹೇಳಿದವಳು ಅವಳೊಬ್ಬಳೇ. ಅಪ್ಪಾಜಿಗೆ ತೊಂದರೆಯೇನೂ ಆಗಲಿಲ್ಲ. ಅಲ್ಲಿಂದ ಮುಂದೆ ಅವರು ಎಲ್ಲರಿಗೂ ಚಹಾ ಕೊಡಿಸತೊಡಗಿದರು. ಆಗುವವರಿಗೂ ಚಹಾ, ಆಗದವರಿಗೂ ಚಹಾ. ಊರಿಗೆ ಇದು ತಿಳಿಯಲು ಎರಡು ಚುನಾವಣೆ ಬೇಕಾದವು, ಅಷ್ಟರಲ್ಲಿ ಅವರು ಎರಡೂ ಗೆದ್ದಿದ್ದರು. ತಟ್ಟೆ ಹಿಡಿಯುವ ಕೆಲಸವನ್ನು ನಾನು ಬಿಟ್ಟೆ. ಮಿಸ್ತ್ರಿ ಮಾತ್ರ ಜಿನ್ನಿನ ಕೆಲಸ ಬಿಡಲಿಲ್ಲ, ಬಿಟ್ಟರೆ ಹೊಟ್ಟೆಗೆ ಏನು? ದಿನಾ ಗಬ್ಬೂರಿನಿಂದ ಸೈಕಲ್ ಹೊಡೆದುಕೊಂಡು ಬರುತ್ತಿದ್ದರು. ಮಧ್ಯಾಹ್ನ ಎಲ್ಲರಿಗೂ ಚಹಾ ಬಂದಾಗ ಎದ್ದು ಹೋಗಿ ನಲ್ಲಿಯ ನೀರು ಕುಡಿಯುತ್ತಿದ್ದರು ಎಂದು ಗುಮಾಸ್ತರು ಹೇಳಿದ್ದನ್ನು ಕೇಳಿದ್ದೇನೆ. ಹಿತ್ತಲ ಬಾಗಿಲು ತೆರೆದರೆ ಅವರು ಕಾಣುತ್ತಾರೆಂದು ನಾನು ಆ ಬಾಗಿಲಿನ ಕಡೆ ಹೋಗುವುದನ್ನೇ ನಿಲ್ಲಿಸಿದೆ.

ಹೊಸ ಪ್ರೆಸ್ಸು ಬರಲೇ ಇಲ್ಲ. ಜಿನ್ನು ಮುಚ್ಚಿತು, ಸೈಡಿಂಗಿನ ಹಳಿ ಕಿತ್ತರು, ಇಪ್ಪತ್ತಾರು ಮನೆ ಕೊಟ್ಟು ಉಳಿಸಿಕೊಂಡ ಹತ್ತಿ ಅಂಗಳದಲ್ಲಿ ಈಗ ಮಂಗಲ ಕಾರ್ಯಾಲಯ ಇದೆ. ಲಗ್ನಕ್ಕೆ ಹೋದಾಗ ನಾನು ಊಟ ಮಾಡದೆ ಬರುತ್ತೇನೆ, ಸಕ್ಕರೆ ಕಾಯಿಲೆ ಎನ್ನುತ್ತೇನೆ. ನನಗೆ ಸಕ್ಕರೆ ಕಾಯಿಲೆ ಇಲ್ಲ.

ಹೋದ ತಿಂಗಳು ನನ್ನ ತಮ್ಮನ ಮಗ ಸಂಗಮೇಶ ಬಂದ. ಅವನ ಪಾಲಿಗೆ ಜಿನ್ನು ಇಲ್ಲದ್ದರಿಂದ ಊರೇ ಬಂದಿದೆ. ಪಾಲಿಕೆ ಚುನಾವಣೆಗೆ ನಿಂತಿದ್ದಾನೆ, ಗಬ್ಬೂರಿನ ಕಡೆಯ ವಾರ್ಡು. ಅಲ್ಲಿ ಅರ್ಧ ಮಂದಿಗೆ ನೀನೇ ಕಲಿಸಿದ್ದೀಯ, ಒಂದು ದಿನ ಜೊತೆಗೆ ಬಾ ಅತ್ತಿ ಎಂದು ಗಂಟುಬಿದ್ದ. ಬೇಡ ಎನ್ನಲು ಬಾಯಿ ತೆರೆದವಳು ಯಾಕೋ ಸೀರೆ ಬದಲಿಸಿ ಕಾರು ಹತ್ತಿದೆ. ಯಾಕೋ ಅಂದದ್ದು ಸುಳ್ಳು. ಆ ಬಯಲಿನಲ್ಲಿ ಈಗ ಮನೆಗಳಾಗಿವೆ, ಬೈಪಾಸಿನ ಹತ್ತಿರ ಮೈಮುನಳ ಮಗನ ಗ್ಯಾರೇಜಿದೆ ಎಂಬುದು ನನಗೆ ಇಪ್ಪತ್ತು ವರ್ಷದಿಂದ ಗೊತ್ತಿತ್ತು. ಎರಡು ಸಲ ಆಟೋ ಮಾಡಿಕೊಂಡು ಅಲ್ಲಿಯ ತನಕ ಹೋಗಿ ಇಳಿಯದೆ ತಿರುಗಿ ಬಂದಿದ್ದೇನೆ.

ಗ್ಯಾರೇಜಿನ ಹಿಂದೆಯೇ ಮನೆ. ಬಾಗಿಲು ತೆರೆದವಳು ಮೈಮುನಳೇ. ಕೂದಲೆಲ್ಲ ಬೆಳ್ಳಗಾಗಿತ್ತು, ಕಣ್ಣು ಮಾತ್ರ ಆಗಿನದೇ, ಉತ್ತರ ಮೊದಲೇ ಗೊತ್ತಿರುತ್ತಿದ್ದ ಕಣ್ಣು. ನನ್ನನ್ನು ಗುರುತು ಹಿಡಿಯಲು ಅವಳಿಗೆ ಒಂದು ಗಳಿಗೆಯೂ ಬೇಕಾಗಲಿಲ್ಲ. ಬರ್ರಿ ಎಂದು ಇಬ್ಬರನ್ನೂ ಕೂರಿಸಿದಳು. ಸಂಗಮೇಶ ಕೈಮುಗಿದು ತನ್ನ ಮಾತು ಹೇಳಿದ, ನಡುವೆ ಫೋನು ಬಂತೆಂದು ಅಂಗಳಕ್ಕೆ ಇಳಿದ. ಅವಳು ಒಳಗೆ ಹೋದಳು. ನಾನೂ ಎದ್ದು ಅಡುಗೆಮನೆಯ ಬಾಗಿಲಿಗೆ ಹೋಗಿ ನಿಂತೆ. ಮೂವತ್ತನಾಲ್ಕು ವರ್ಷ ಮಾತಾಡಿ ಜೀವನ ಮಾಡಿದವಳು ನಾನು. ಕೊನೆಗೆ ಇಷ್ಟೇ ಹೇಳಿದೆ.

"ಮೈಮುನ, ಅವತ್ತ ಅಪ್ಪಾಜಿ ಮಜ್ಜಿಗಿ ಹೇಳಿದ್ರು. ಚಾ ತಂದಾಕಿ ನಾನು. ಒಳ್ಳೇದಾಗ್ಲಿ ಅಂತ ತಂದಿದ್ದೆ. ನನ್ನ ಮಾಫ್ ಮಾಡತೀ ಏನು?"

ಅವಳು ತಿರುಗಲಿಲ್ಲ. ಕೈ ಏನೋ ಮಾಡುತ್ತಲೇ ಇತ್ತು.

"ಗೊತ್ತೈತಿ. ನಿನ್ನ ಕೈ ನಡಗಾಕತ್ತಿತ್ತು ಅಂತ ಅಬ್ಬಾ ಆಮ್ಯಾಲ ಹೇಳಿದ್ದ. ಹುಡುಗಿದ ತಪ್ಪಲ್ಲ, ಕುಡೀರಿ ಅಂದವ್ರದು ಅಂತಿದ್ದ." ಕೈಕೆಲಸ ಬಿಡದೆಯೇ ಮತ್ತೆ ಅಂದಳು, "ಅವತ್ತ ನೀ ಸಣ್ಣಾಕಿ ಇದ್ದಿ ನೀಲಾ. ಆಮ್ಯಾಲ ಸಣ್ಣಾಕಿ ಇರಲಿಲ್ಲಲ್ಲ. ಅಬ್ಬಾ ಹದಿನೆಂಟು ವರ್ಷ ನಿಮ್ಮ ಜಿನ್ನಿನಾಗ ದುಡದಾನ. ಒಂದ ದಿನಾ ಹಿತ್ತಲ ಬಾಗಲಾ ತಗದು ಬಂದು ಹೇಳಬೇಕಿತ್ತು."

ಹೋಗಿ ಕುರ್ಚಿಯಲ್ಲಿ ಕೂತೆ. ಸಂಗಮೇಶ ಒಳಗೆ ಬಂದ. ಮೈಮುನ ತಟ್ಟೆ ತಂದಳು. ಎರಡು ಸ್ಟೀಲಿನ ಗ್ಲಾಸು. ಜಜ್ಜಿದ ಹಸಿಶುಂಠಿಯ ವಾಸನೆ ತಟ್ಟೆಗಿಂತ ಮುಂಚೆ ಬಂತು. ಅವಳು ನನ್ನ ಮುಖ ನೋಡಿಯೇ ಗ್ಲಾಸು ಕೈಗೆ ಕೊಟ್ಟಳು, ನನ್ನ ಹಾಗೆ ಕಾಲು ನೋಡಲಿಲ್ಲ. ಅಷ್ಟು ಒಳ್ಳೆಯ ಮಜ್ಜಿಗೆ ಆಯಿ ಹೋದ ಮೇಲೆ ನಾನು ಕುಡಿದಿರಲಿಲ್ಲ. ಒಂದು ಹನಿ ಬಿಡದೆ ಕುಡಿದೆ. ಸಂಗಮೇಶನೂ ಕುಡಿದು, ತುಟಿ ಒರೆಸಿಕೊಂಡು, ಥ್ಯಾಂಕ್ಸ್ ಅಮ್ಮಾ ಎಂದು ಕೈಮುಗಿದ.

ಕಾರಿನಲ್ಲಿ ಅವನು ಖುಷಿಯಾಗಿದ್ದ. ಪಟ್ಟಿಯಲ್ಲಿ ಆ ಮನೆಯ ಮುಂದೆ ಗುರುತು ಹಾಕಲು ಪೆನ್ನು ತೆಗೆದ.

"ಈ ಮನಿ ನಮ್ದಾತಲ್ಲ ಅತ್ತಿ? ಎಷ್ಟ ಪ್ರೀತಿಲೆ ಕೊಟ್ರು."

"ಇಲ್ಲೋ. ಆಗೂದಿಲ್ಲ ಅಂದ್ರು."

"ಯಾವಾಗ ಅಂದ್ರು? ನಾ ಅಲ್ಲೇ ಇದ್ನೆಲ್ಲ?"

"ಇಬ್ಬರಿಗೂ ಕೂಡೇ ಅಂದ್ರು," ಎಂದೆ. "ನೀ ಥ್ಯಾಂಕ್ಸ್ ಅಂದಿ."